ಡಯಾಲಿಸಿಸ್ ರೋಗಿಯ ಕೈ ಮತ್ತು ಮಣಿಕಟ್ಟು: ಅಲ್ಟ್ರಾಸೌಂಡ್ ಪರೀಕ್ಷೆಯ ಬಲ ಮತ್ತು ಮಿತಿ

ಹೀಮೋಡಯಾಲಿಸಿಸ್ ಮಾಡಿಸಿಕೊಳ್ಳುವವರು ತಮ್ಮ ಕೈಯ ಬಗ್ಗೆ ಹೇಳಿಕೊಳ್ಳುವ ಮಾತುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಎದ್ದು ಕೂತು ಕೊಡವಿದರೆ ಸ್ವಲ್ಪ ಹಗುರ. ಬೆಳಗ್ಗೆ ಬೆರಳು ಮಡಿಸಲು ಬರುವುದಿಲ್ಲ. ಯಂತ್ರಕ್ಕೆ ಹಾಕಿ ಗಂಟೆಯೊಂದು ಕಳೆಯುವಷ್ಟರಲ್ಲಿ ಫಿಸ್ಟುಲಾ ಇರುವ ಕೈ ತಣ್ಣಗಾಗಿ ಸೆಳೆಯತೊಡಗುತ್ತದೆ. ಕಡತದಲ್ಲಿ ಇದೆಲ್ಲವೂ ‘ಕೈನೋವು’ ಎಂದೇ ದಾಖಲಾಗುತ್ತದೆ. ಆದರೆ ಮೊದಲನೆಯದು ಸಾಮಾನ್ಯವಾಗಿ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡದ್ದರ ಸೂಚನೆ, ಎರಡನೆಯದು ಸ್ನಾಯುರಜ್ಜು ಅಥವಾ ಕೀಲಿನ ತೊಂದರೆ, ಮೂರನೆಯದು ರಕ್ತಪೂರೈಕೆಯ ಕೊರತೆ. ಹತ್ತಾರು ವರ್ಷ ಡಯಾಲಿಸಿಸ್‌ನಲ್ಲಿರುವ, ಜೊತೆಗೆ ಸಕ್ಕರೆ ಕಾಯಿಲೆಯೂ ಇರುವ ರೋಗಿಯ ಒಂದೇ ಕೈಯಲ್ಲಿ ಈ ಮೂರೂ ಒಟ್ಟಿಗೆ ಇರಬಹುದು.

ಆಸ್ಪತ್ರೆಯಲ್ಲಿ ಈ ಕೈ ಹರಿದು ಹಂಚಿಹೋಗುತ್ತದೆ. ರಕ್ತನಾಳವನ್ನು ಒಬ್ಬರು ನೋಡುತ್ತಾರೆ, ಕೀಲನ್ನು ಇನ್ನೊಬ್ಬರು, ನರವನ್ನು ಮತ್ತೊಬ್ಬರು. ಅಲ್ಟ್ರಾಸೌಂಡ್ ಯಂತ್ರವಾದರೋ ಮೂರನ್ನೂ ಒಂದೇ ಸಲಕ್ಕೆ, ವಿಕಿರಣವಿಲ್ಲದೆ, ಚುಚ್ಚುಮದ್ದಿಲ್ಲದೆ ತೋರಿಸಬಲ್ಲದು. ಅದರ ಬಲವೂ ತೊಡಕೂ ಅಲ್ಲೇ ಇವೆ. ದೀರ್ಘಕಾಲ ಡಯಾಲಿಸಿಸ್ ಆದ ಕೈಯಲ್ಲಿ ಪ್ರೋಬ್ ಎಲ್ಲಿ ಇಟ್ಟರೂ ಏನಾದರೊಂದು ಅಸಹಜ ಕಾಣಿಸುತ್ತದೆ: ದಪ್ಪಗಾದ ನರ, ಹಿಮ್ಮುಖ ಹರಿವು, ಸುಣ್ಣಗಟ್ಟಿದ ನಾಳ, ಉಬ್ಬಿದ ಪೊರೆ. ಕಂಡದ್ದೆಲ್ಲ ನೋವಿನ ಕಾರಣವಲ್ಲ. ಯಾವುದು ಕಾರಣ, ಯಾವುದು ಡಯಾಲಿಸಿಸ್ ಬಿಟ್ಟುಹೋದ ಗುರುತು ಎಂದು ಬೇರ್ಪಡಿಸುವ ಕ್ರಮವಿಲ್ಲದಿದ್ದರೆ ಈ ಪರೀಕ್ಷೆ ಅನಗತ್ಯ ಶಸ್ತ್ರಚಿಕಿತ್ಸೆಗೂ ದಾರಿ ಮಾಡಬಹುದು, ಆಗಲೇಬೇಕಾದ ಶಸ್ತ್ರಚಿಕಿತ್ಸೆಯನ್ನೂ ತಡಮಾಡಬಹುದು. ಆ ಕ್ರಮ ಹೇಗಿರಬೇಕೆಂಬುದೇ ಈ ಲೇಖನದ ವಿಚಾರ.

ಹಿನ್ನೆಲೆ: ಬದುಕು ನೀಳವಾದಾಗ ಹುಟ್ಟಿದ ರೋಗ

1960ರಲ್ಲಿ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಮತ್ತು ಸಂಗಡಿಗರು ಟೆಫ್ಲಾನ್ ಕೊಳವೆಯ ಶಂಟ್ ರೂಪಿಸಿದ ಮೇಲೆ ಮೂತ್ರಪಿಂಡ ಪೂರ್ತಿ ಸೋತವರನ್ನು ವರ್ಷಗಟ್ಟಲೆ ಬದುಕಿಸುವುದು ಸಾಧ್ಯವಾಯಿತು. 1966ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬ್ರೆಸಿಯಾ, ಚಿಮಿನೋ ಮತ್ತು ಸಹೋದ್ಯೋಗಿಗಳು ಮಣಿಕಟ್ಟಿನ ರೇಡಿಯಲ್ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಜೋಡಿಸುವ ಫಿಸ್ಟುಲಾವನ್ನು ವರದಿ ಮಾಡಿದರು. ಇಂದಿಗೂ ಅದೇ ಮೊದಲ ಆಯ್ಕೆ. ಹೀಗೆ ರೋಗಿಯ ಕೈ ಚಿಕಿತ್ಸೆಯ ಬಾಗಿಲೇ ಆಯಿತು.

ಬದುಕು ನೀಳವಾದಂತೆ ಹೊಸ ರೋಗವೊಂದು ಕಾಣಿಸಿಕೊಂಡಿತು. 1975ರಲ್ಲಿ ವಾರನ್ ಮತ್ತು ಒಟಿಯೆನೊ ಡಯಾಲಿಸಿಸ್ ರೋಗಿಗಳಲ್ಲಿ ಕಾರ್ಪಲ್ ಟನಲ್ ಸಿಂಡ್ರೋಮ್, ಅಂದರೆ ಮಣಿಕಟ್ಟಿನ ಸುರಂಗದಲ್ಲಿ ಮೀಡಿಯನ್ ನರ ಒತ್ತಿಕೊಳ್ಳುವ ತೊಂದರೆ, ಇರುವುದನ್ನು ವರದಿ ಮಾಡಿದರು. ಫಿಸ್ಟುಲಾದಿಂದ ಅಭಿಧಮನಿಗಳು ಉಬ್ಬಿ ನರ ಒತ್ತಿಕೊಂಡಿರಬೇಕು ಎಂಬ ಊಹೆ ಆಗ ಸಹಜವಾಗಿತ್ತು. 1980ರಲ್ಲಿ ಫ್ರಾನ್ಸಿನ ಅಸೆನಾ ಮತ್ತು ಸಂಗಡಿಗರು ಕಾರ್ಪಲ್ ಟನಲ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಶೇಖರಣೆಯನ್ನು ತೋರಿಸಿದರು. 1985ರಲ್ಲಿ ಜಪಾನಿನ ನಿಗಾಟಾದ ಗೆಜ್ಯೋ ಮತ್ತು ಸಂಗಡಿಗರು, ಮತ್ತೆ ಕಾರ್ಪಲ್ ಟನಲ್‌ನಿಂದ ತೆಗೆದ ಅಂಗಾಂಶದಲ್ಲೇ, ಆ ಪ್ರೋಟೀನ್ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂದು ಗುರುತಿಸಿದರು. ಈ ರೋಗದ ಚರಿತ್ರೆಯ ಮುಖ್ಯ ತಿರುವುಗಳೆಲ್ಲ ಮಣಿಕಟ್ಟಿನ ಒಂದು ಸಣ್ಣ ಸುರಂಗದಲ್ಲೇ ನಡೆದಿವೆ ಎಂಬುದನ್ನು ಗಮನಿಸಬೇಕು.

ಬೀಟಾ-2 ಮೈಕ್ರೋಗ್ಲಾಬ್ಯುಲಿನ್ 99 ಅಮೈನೋ ಆಮ್ಲಗಳ, ಸುಮಾರು 11,800 ಡಾಲ್ಟನ್ ತೂಕದ ಅಣು. ಕೆಂಪು ರಕ್ತಕಣಗಳನ್ನು ಬಿಟ್ಟು ದೇಹದ ಬಹುತೇಕ ಜೀವಕೋಶಗಳ ಮೇಲ್ಮೈಯಿಂದ ಅದು ದಿನವೂ ಕಳಚಿ ರಕ್ತಕ್ಕೆ ಸೇರುತ್ತದೆ, ಅದನ್ನು ಹೊರಹಾಕುವ ಕೆಲಸ ಮೂತ್ರಪಿಂಡದ್ದು. ಯೂರಿಯಾ ಸೋಸುವ ಸಾಮಾನ್ಯ ಲೋ-ಫ್ಲಕ್ಸ್ ಡಯಲೈಸರಿನ ರಂಧ್ರಗಳಲ್ಲಿ ಇಷ್ಟು ದೊಡ್ಡ ಅಣು ನುಸುಳುವುದಿಲ್ಲ. ರಕ್ತದಲ್ಲಿ ಅದರ ಮಟ್ಟ ಹತ್ತಾರು ಪಟ್ಟು ಏರುತ್ತದೆ. ಕಾಲಾಂತರದಲ್ಲಿ ಕೊಲಾಜೆನ್ ಹೆಚ್ಚಿರುವ ಕೀಲುಪೊರೆ, ಸ್ನಾಯುರಜ್ಜು, ಮೂಳೆಗಳಲ್ಲಿ ನಾರುನಾರಾಗಿ ಕೂರುತ್ತದೆ. ಜಾಡೂಲ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಮರಣೋತ್ತರ ಅಧ್ಯಯನದಲ್ಲಿ, ಎರಡು ವರ್ಷಕ್ಕಿಂತ ಕಡಿಮೆ ಡಯಾಲಿಸಿಸ್ ಆದವರಲ್ಲೂ ಶೇಕಡಾ 21ರಷ್ಟು ಮಂದಿಯ ಕೀಲುಗಳಲ್ಲಿ ಅಮೈಲಾಯ್ಡ್ ಇತ್ತು, 13 ವರ್ಷ ದಾಟಿದವರೆಲ್ಲರಲ್ಲೂ ಇತ್ತು. ಅಷ್ಟು ಬೇಗ ಶೇಖರಣೆ ಶುರುವಾದರೂ ನೋವು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ವರ್ಷಗಳೇ ಬೇಕು. ಶೇಖರಣೆಗೂ ನೋವಿಗೂ ನಡುವೆ ಇರುವ ಈ ಅಂತರವೇ ಅಲ್ಟ್ರಾಸೌಂಡ್ ಓದುವವರಿಗೆ ಮೊದಲ ಎಚ್ಚರಿಕೆ.

ಮಣಿಕಟ್ಟಿನ ನರ

ಮೆದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 15 ಮೆಗಾಹರ್ಟ್ಸ್ ಪ್ರೋಬಿನಲ್ಲಿ ತರಂಗದ ಉದ್ದ ಮಿಲಿಮೀಟರಿನ ಹತ್ತನೇ ಒಂದು ಭಾಗ. ಚರ್ಮದಿಂದ ಒಂದು ಸೆಂಟಿಮೀಟರಿನೊಳಗೇ ಇರುವ ಮೀಡಿಯನ್ ನರವನ್ನು, ಅದರೊಳಗಿನ ಎಳೆಗಳ ಸಹಿತ, ಕಾಣಲು ಇದು ಧಾರಾಳ ಸಾಕು. ಅಡ್ಡವಾಗಿ ಪ್ರೋಬ್ ಇಟ್ಟರೆ ನರ ಜೇನುಹುಟ್ಟಿನ ಕಣ್ಣುಗಳಂತೆ ಕಾಣುತ್ತದೆ. ಪ್ರೋಬನ್ನು ತುಸು ಓರೆ ಮಾಡಿದರೆ ಸುತ್ತಲಿನ ಸ್ನಾಯುರಜ್ಜುಗಳು ಕಪ್ಪಾಗಿಬಿಡುತ್ತವೆ, ನರ ಅಷ್ಟು ಬದಲಾಗುವುದಿಲ್ಲ. ಕಲಿಯುವವರಿಗೆ ನರವನ್ನು ಗುರುತಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಕಾರ್ಪಲ್ ಟನಲ್ ರೋಗಕ್ಕೆ ಅಲ್ಟ್ರಾಸೌಂಡ್ ಬಳಕೆಯನ್ನು ಆಸ್ಟ್ರಿಯಾದ ಬುಕ್‌ಬರ್ಗರ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲೇ ವಿವರಿಸಿದ್ದರು. ನರವು ಸುರಂಗದ ಬಾಯಲ್ಲಿ ಊದಿಕೊಳ್ಳುವುದು, ಒಳಗೆ ಚಪ್ಪಟೆಯಾಗುವುದು, ಮೇಲಿನ ಅಡ್ಡಪಟ್ಟಿ ಅಂಗೈ ಕಡೆಗೆ ಬಿಲ್ಲಿನಂತೆ ಬಾಗುವುದು, ಈ ಮೂರು ಚಿಹ್ನೆಗಳು ಅಂದಿನಿಂದಲೂ ಬಳಕೆಯಲ್ಲಿವೆ. ನಂತರದ ಅಧ್ಯಯನಗಳಲ್ಲಿ ಹೆಚ್ಚು ನಿಂತದ್ದು ಮೊದಲನೆಯದು: ಪಿಸಿಫಾರ್ಮ್ ಮೂಳೆಯ ಮಟ್ಟದಲ್ಲಿ ನರದ ಅಡ್ಡಛೇದದ ವಿಸ್ತೀರ್ಣ. ಗಡಿಯನ್ನು ಪ್ರಯೋಗಾಲಯಕ್ಕೆ ತಕ್ಕಂತೆ 9ರಿಂದ 12 ಚದರ ಮಿಲಿಮೀಟರ್ ನಡುವೆ ಎಲ್ಲೋ ಇಟ್ಟುಕೊಳ್ಳುತ್ತಾರೆ.

ಈ ಗಡಿಯನ್ನು ಡಯಾಲಿಸಿಸ್ ರೋಗಿಗೆ ನೇರವಾಗಿ ಎರವಲು ತರುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಎರಡು. ಸಕ್ಕರೆ ಕಾಯಿಲೆಯ ನರರೋಗದಲ್ಲಿ ನರ ಎಲ್ಲಿಯೂ ಒತ್ತಿಕೊಳ್ಳದಿದ್ದರೂ ಉದ್ದಕ್ಕೂ ದಪ್ಪಗಿರಬಹುದು, ಮತ್ತು ಡಯಾಲಿಸಿಸ್‌ಗೆ ಬರುವವರಲ್ಲಿ ಸಕ್ಕರೆ ಕಾಯಿಲೆಯವರ ಪಾಲು ದೊಡ್ಡದು. ಯುರೀಮಿಯಾದ ನರರೋಗ ಅದರ ಜೊತೆ ಸೇರಿಕೊಳ್ಳುತ್ತದೆ. ನರವಾಹಕತೆಯ ವಿದ್ಯುತ್ ಪರೀಕ್ಷೆಯೂ ಇದೇ ಕಾರಣಕ್ಕೆ ಇವರಲ್ಲಿ ಗೊಂದಲ ಹುಟ್ಟಿಸುತ್ತದೆ. ಎಲ್ಲ ನರಗಳೂ ನಿಧಾನವಾಗಿರುವಾಗ ಮಣಿಕಟ್ಟಿನ ನಿಧಾನಕ್ಕೆ ಪ್ರತ್ಯೇಕ ಅರ್ಥ ಕೊಡುವುದು ಕಷ್ಟ.

ಹಾಗಾಗಿ ಒಂದೇ ಸಂಖ್ಯೆಗಿಂತ ಅದೇ ನರದ ಎರಡು ಜಾಗಗಳ ಹೋಲಿಕೆ ಹೆಚ್ಚು ನಂಬಬಹುದಾದದ್ದು. 2008ರಲ್ಲಿ ಹಾಬ್ಸನ್-ವೆಬ್ ಮತ್ತು ಸಂಗಡಿಗರು ಮಣಿಕಟ್ಟಿನ ವಿಸ್ತೀರ್ಣವನ್ನು 12 ಸೆಂಟಿಮೀಟರ್ ಮೇಲೆ ಮುಂಗೈಯಲ್ಲಿ ಅಳೆದ ವಿಸ್ತೀರ್ಣದಿಂದ ಭಾಗಿಸಿ, ಅನುಪಾತ 1.4 ದಾಟಿದರೆ ರೋಗ ಎಂದು ಸೂಚಿಸಿದರು. 2009ರಲ್ಲಿ ಕ್ಲೌಸರ್ ಮತ್ತು ಸಂಗಡಿಗರು ಭಾಗಾಕಾರದ ಬದಲು ವ್ಯತ್ಯಾಸ ಲೆಕ್ಕಹಾಕಿ, ಅದು 2 ಚದರ ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ರೋಗ ಎಂದರು. ಇಬ್ಬರೂ ಡಯಾಲಿಸಿಸ್ ರೋಗಿಗಳಿಗೆಂದು ಇದನ್ನು ರೂಪಿಸಿದವರಲ್ಲ. ಆದರೂ ಡಯಾಲಿಸಿಸ್ ರೋಗಿಗಳಿಗೆ ಒಪ್ಪುವ ತರ್ಕ ಇದು. ನರ ಉದ್ದಕ್ಕೂ ಊದಿದ್ದರೆ ಅನುಪಾತ ಏರುವುದಿಲ್ಲ, ಒಂದು ಜಾಗದಲ್ಲಿ ಒತ್ತಿದ್ದರೆ ಏರುತ್ತದೆ. ನರ ಕವಲೊಡೆದಿರುವವರಲ್ಲಿ ಎರಡೂ ಕವಲಿನ ವಿಸ್ತೀರ್ಣವನ್ನು ಕೂಡಬೇಕು, ಗಡಿಯೂ ಬೇರೆಯಾಗುತ್ತದೆ. ಇಂಥವರ ಮಣಿಕಟ್ಟಿನಲ್ಲಿ ಕೆಲವೊಮ್ಮೆ ಮೀಡಿಯನ್ ಅಪಧಮನಿಯೂ ಉಳಿದಿರುತ್ತದೆ. ಶಸ್ತ್ರವೈದ್ಯರಿಗೆ ಅದನ್ನು ಮುಂಚಿತವಾಗಿ ಹೇಳದಿರುವುದು ದೊಡ್ಡ ಲೋಪ.

ಅಮೈಲಾಯ್ಡ್ ಕಾರಣವಾಗಿದ್ದಾಗ ಸುರಂಗದ ಚಿತ್ರವೇ ಬೇರೆ. ಸಾಮಾನ್ಯ ಕಾರ್ಪಲ್ ಟನಲ್ ರೋಗದಲ್ಲಿ ಕಣ್ಣು ನರದ ಮೇಲೆ ನೆಟ್ಟಿರುತ್ತದೆ. ಇಲ್ಲಿ ನರದ ಕೆಳಗೆ, ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳ ಸುತ್ತ ನೋಡಬೇಕು. ಪೊರೆ ದಪ್ಪಗಾಗಿ, ಮಂದ ಛಾಯೆಯ ಹೂರಣದಂತೆ ಸುರಂಗ ತುಂಬಿಕೊಂಡು ನರವನ್ನು ಅಡ್ಡಪಟ್ಟಿಗೆ ಒತ್ತಿಹಿಡಿದಿರುತ್ತದೆ. ರೋಗಿಗೆ ಬೆರಳು ಮಡಿಸಿ ಬಿಡಿಸಲು ಹೇಳಿದರೆ ಸಲೀಸಾಗಿ ಜಾರಬೇಕಾದ ರಜ್ಜುಗಳು ಒಟ್ಟಾಗಿ, ತಡವರಿಸಿ ಚಲಿಸುವುದು ತೆರೆಯ ಮೇಲೇ ಕಾಣುತ್ತದೆ. ಎಂಆರ್‌ಐ ಸ್ಥಿರಚಿತ್ರ ಕೊಡುತ್ತದೆ, ಈ ಚಲನೆಯನ್ನು ತೋರಿಸುವುದಿಲ್ಲ. ನೋವು ಯಂತ್ರಕ್ಕೆ ಹಾಕಿರುವಾಗಲೇ ಹೆಚ್ಚಾಗುವ ರೋಗಿಯಲ್ಲಿ ನರದ ಒತ್ತಡ ಮತ್ತು ರಕ್ತದ ಕೊರತೆ ಎರಡೂ ಸೇರಿರಬಹುದು. ಅಂಥವರನ್ನು ನರ ನೋಡಿ ಅಲ್ಲಿಗೇ ನಿಲ್ಲಿಸದೆ ಬೆರಳಿನ ಅಪಧಮನಿಯವರೆಗೂ ನೋಡಬೇಕು.

ಪೊರೆ, ರಜ್ಜು, ಕೀಲು

ಕೀಲುಪೊರೆಯ ಊತವನ್ನು ಗ್ರೇ-ಸ್ಕೇಲ್ ಚಿತ್ರದಲ್ಲೂ ಪವರ್ ಡಾಪ್ಲರಿನಲ್ಲೂ 0ಯಿಂದ 3ರವರೆಗೆ ಅಳೆಯುವ ಪದ್ಧತಿ ಆಮವಾತದ ವೈದ್ಯರದ್ದು. 2005ರಲ್ಲಿ ಓಮೆರಾಕ್ಟ್ ಗುಂಪು ಪ್ರಕಟಿಸಿದ ವ್ಯಾಖ್ಯೆಗಳು ಈ ಕೆಲಸಕ್ಕೆ ಒಂದು ಸಮಾನ ಭಾಷೆ ಕೊಟ್ಟವು. ಆದರೆ ಆಮವಾತದಲ್ಲಿ ದಪ್ಪಗಾದ ಪೊರೆ ಎಂದರೆ ಉರಿಯೂತ, ಡಯಾಲಿಸಿಸ್ ಕೈಯಲ್ಲಿ ದಪ್ಪಗಾದ ಪೊರೆ ಎಂದರೆ ಬರಿಯ ಶೇಖರಣೆಯೂ ಆಗಿರಬಹುದು. ದಪ್ಪ ತುಂಬ ಇದ್ದು ಡಾಪ್ಲರ್ ಬಣ್ಣ ಇಲ್ಲದಿದ್ದರೆ ಅಮೈಲಾಯ್ಡ್ ಅನುಮಾನ ಬಲವಾಗುತ್ತದೆ. ಬಣ್ಣ ಕಂಡಿತೆಂದು ಮಾತ್ರ ಅಮೈಲಾಯ್ಡನ್ನು ತಳ್ಳಿಹಾಕಬಾರದು, ಏಕೆಂದರೆ ಶೇಖರಣೆಯ ಸುತ್ತ ಉರಿಯೂತವೂ ಹುಟ್ಟುತ್ತದೆ. ಫಿಸ್ಟುಲಾ ಇರುವ ಕೈಯಲ್ಲಂತೂ ಇಡೀ ಅಂಗದಲ್ಲೇ ಹರಿವು ಹೆಚ್ಚು, ಉಬ್ಬಿದ ಅಭಿಧಮನಿಗಳ ಮಿಡಿತದಿಂದ ಸುತ್ತಲಿನ ಅಂಗಾಂಶಕ್ಕೂ ಹುಸಿಬಣ್ಣ ಹರಡುತ್ತದೆ. ಡಾಪ್ಲರ್ ಅಂಕವನ್ನು ಫಿಸ್ಟುಲಾ ಇಲ್ಲದ ಕೈಯೊಂದಿಗೆ ಹೋಲಿಸದೆ ಬರೆಯುವುದು ಸಲ್ಲದು.

ಬೆರಳು ಮಡಿಸಿದಲ್ಲೇ ಸಿಕ್ಕಿಕೊಂಡು ಟಕ್ಕೆಂದು ಬಿಡಿಸಿಕೊಳ್ಳುವ ಟ್ರಿಗರ್ ಫಿಂಗರ್ ಇವರಲ್ಲಿ ಸಾಮಾನ್ಯ, ಹಲವು ಬೆರಳುಗಳಲ್ಲಿ ಒಟ್ಟಿಗೆ ಬರುವುದೂ ಉಂಟು. ಬೆರಳಿನ ಬುಡದಲ್ಲಿ ರಜ್ಜುವನ್ನು ಹಿಡಿದಿಡುವ ಮೊದಲ ಉಂಗುರಪಟ್ಟಿ ದಪ್ಪಗಾಗಿದೆಯೋ, ರಜ್ಜುವೇ ಉಬ್ಬಿದೆಯೋ ಎಂಬುದನ್ನು ಅಲ್ಟ್ರಾಸೌಂಡ್ ಬೇರ್ಪಡಿಸುತ್ತದೆ. ರಜ್ಜುವಿನ ಒಳಗೇ ಶೇಖರಣೆಯಾಗಿದ್ದರೆ ಉಂಗುರ ಬಿಡಿಸಿದ ಮಾತ್ರಕ್ಕೆ ಪೂರ್ತಿ ಪರಿಹಾರ ಸಿಗದಿರಬಹುದು. ರೋಗಿಗೆ ಅದನ್ನು ಮೊದಲೇ ತಿಳಿಸುವುದು ನ್ಯಾಯ.

ಮೂಳೆಯ ವಿಷಯದಲ್ಲಿ ಈ ಯಂತ್ರಕ್ಕೆ ಕಣ್ಣಿಲ್ಲ. ಶಬ್ದ ಮೂಳೆಯ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಮಣಿಕಟ್ಟಿನ ಸ್ಕ್ಯಾಫಾಯ್ಡ್, ಲೂನೇಟ್, ಕ್ಯಾಪಿಟೇಟ್ ಮೂಳೆಗಳೊಳಗೆ ಅಮೈಲಾಯ್ಡ್ ಕೊರೆದ ಗುಳಿಗಳು ಕಾಣುವುದು ಎಕ್ಸ್‌ರೇಯಲ್ಲಿ. ಮಣಿಕಟ್ಟಿನಲ್ಲಿ 5 ಮಿಲಿಮೀಟರಿಗಿಂತ, ಭುಜ ಮತ್ತು ಸೊಂಟದಲ್ಲಿ 10 ಮಿಲಿಮೀಟರಿಗಿಂತ ದೊಡ್ಡ ಗುಳಿಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಮಾನದಂಡವನ್ನು ಬೆಲ್ಜಿಯಮ್ಮಿನ ವ್ಯಾನ್ ಯಿಪರ್ಸೆಲ್ ಮತ್ತು ಸಂಗಡಿಗರು ರೂಪಿಸಿದರು. ಗುಳಿ ಮೇಲ್ಮೈಯನ್ನು ಒಡೆದು ಹೊರಬಂದಿದ್ದರೆ ಮಾತ್ರ ಅಲ್ಟ್ರಾಸೌಂಡಿಗೆ ಸಿಗುತ್ತದೆ. ಆದ್ದರಿಂದ ಎರಡೂ ಕೈಗಳ ಒಂದು ಎಕ್ಸ್‌ರೇ ಈ ಪರೀಕ್ಷೆಯ ಜೊತೆಗಿರಲೇಬೇಕು. ಪ್ಯಾರಾಥೈರಾಯ್ಡ್ ಹಾರ್ಮೋನ್ ಅತಿಯಾದಾಗ ತೋರುಬೆರಳು ಮತ್ತು ನಡುಬೆರಳಿನ ನಡುಮೂಳೆಯ ಹೆಬ್ಬೆರಳಿನ ಕಡೆಯ ಅಂಚು ಸವೆಯುತ್ತದಲ್ಲ, ಅದೂ ಆ ಎಕ್ಸ್‌ರೇಯಲ್ಲೇ ಸಿಕ್ಕುತ್ತದೆ.

ಹರಳುಗಳ ವಿಷಯದಲ್ಲಿ ಯಂತ್ರ ಮತ್ತೆ ಬಲಶಾಲಿ. ಗೌಟ್‌ನಲ್ಲಿ ಯೂರಿಕ್ ಆಮ್ಲದ ಹರಳುಗಳು ಮೃದ್ವಸ್ಥಿಯ ಮೇಲ್ಪದರದ ಮೇಲೆ ಕೂತು ಎರಡು ಸಮಾನಾಂತರ ಬಿಳಿಗೆರೆಗಳಾಗಿ ಕಾಣುತ್ತವೆ, ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳು ಮೃದ್ವಸ್ಥಿಯ ಒಳಗೇ ಚುಕ್ಕೆಗಳಾಗಿ ಹೊಳೆಯುತ್ತದೆ. ಫಾಸ್ಫರಸ್ ಹತೋಟಿ ತಪ್ಪಿದವರಲ್ಲಿ ಬೆರಳಿನ ಕೀಲುಗಳ ಸುತ್ತ ಸುಣ್ಣದ ಮುದ್ದೆಗಳು ಕಟ್ಟಿಕೊಂಡು, ಕೆಂಪಗೆ ಊದಿ ಕೀವಿನಂತೆ ಕಾಣುವುದುಂಟು. ಪ್ರೋಬ್ ಇಟ್ಟೊಡನೆ ಬಿಳಿ ಮುದ್ದೆ, ಹಿಂದೆ ನೆರಳು ಕಂಡರೆ ವಿಷಯ ತಿಳಿಯುತ್ತದೆ. ಹಾಗೆಂದು ಸೋಂಕನ್ನು ಮರೆಯುವಂತಿಲ್ಲ. ವಾರವಾರವೂ ಸೂಜಿ ಚುಚ್ಚಿಸಿಕೊಳ್ಳುವ ಈ ದೇಹಕ್ಕೆ ಸ್ಟ್ಯಾಫಿಲೊಕಾಕಸ್ ಸದಾ ಹೊಂಚುಹಾಕಿರುತ್ತದೆ. ಕೀಲಿನಲ್ಲಿ ನೀರು ಕಂಡು, ರೋಗಿಗೆ ಜ್ವರವೂ ಇದ್ದರೆ ಚಿತ್ರ ನೋಡಿ ತೀರ್ಮಾನಿಸದೆ ಆ ನೀರನ್ನು ತೆಗೆದು ಪರೀಕ್ಷೆಗೆ ಕಳಿಸಬೇಕು. ಹೆಪಾರಿನ್ ಕೊಟ್ಟು ಡಯಾಲಿಸಿಸ್ ಮುಗಿದ ಕೂಡಲೇ ಸೂಜಿ ಹಾಕದೆ, ತುರ್ತು ಇಲ್ಲದಿದ್ದರೆ ಅದರ ಪರಿಣಾಮ ಇಳಿಯುವವರೆಗೆ ಕಾಯುವುದು ಕ್ಷೇಮ.

ರಕ್ತದ ಹರಿವು

ಫಿಸ್ಟುಲಾ ಎಂದರೆ ಅಪಧಮನಿಯಿಂದ ಅಭಿಧಮನಿಗೆ ತೆರೆದ, ತಡೆಯಿಲ್ಲದ ದಾರಿ. ಕಾಲುವೆಯ ತಲೆಯಲ್ಲೇ ತೂಬು ತೆಗೆದಿಟ್ಟರೆ ಕೊನೆಯ ಗದ್ದೆಗೆ ನೀರು ಮುಟ್ಟದಿರುವಂತೆ ಬೆರಳತುದಿಗೆ ರಕ್ತ ಕಡಿಮೆಯಾಗುವುದೇ ಸ್ಟೀಲ್ ಸಿಂಡ್ರೋಮ್. ಮಣಿಕಟ್ಟಿನ ಫಿಸ್ಟುಲಾದಲ್ಲಿ ಇದು ಅಪರೂಪ. ಮೊಣಕೈಯಲ್ಲಿ ಬ್ರೇಕಿಯಲ್ ಅಪಧಮನಿಯಿಂದ ಮಾಡಿದ ಫಿಸ್ಟುಲಾದಲ್ಲಿ, ಅದರಲ್ಲೂ ವಯಸ್ಸಾದವರು, ಹೆಂಗಸರು ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು.

ಅಲ್ಟ್ರಾಸೌಂಡ್ ವರದಿಗಳಲ್ಲಿ ನಾನು ಕಾಣುವ ಅತಿ ಸಾಮಾನ್ಯ ತಪ್ಪು ಓದು ಇಲ್ಲಿಯೇ. ಫಿಸ್ಟುಲಾ ಜೋಡಣೆಯ ಕೆಳಗಿನ ಅಪಧಮನಿಯಲ್ಲಿ ರಕ್ತ ಹಿಮ್ಮುಖವಾಗಿ ಹರಿಯುತ್ತಿದೆ, ಆದ್ದರಿಂದ ಸ್ಟೀಲ್ ಎಂದು ಬರೆದುಬಿಡುತ್ತಾರೆ. ಮಣಿಕಟ್ಟಿನ ಫಿಸ್ಟುಲಾ ಇದ್ದು ಯಾವ ತೊಂದರೆಯೂ ಇಲ್ಲದ ಬಹುಪಾಲು ಜನರಲ್ಲಿ ಹೀಗೇ ಹರಿಯುತ್ತದೆ. ಅಲ್ನರ್ ಅಪಧಮನಿ ಅಂಗೈಯ ಕಮಾನಿನ ಮೂಲಕ ಬೆರಳುಗಳನ್ನೂ ಪೋಷಿಸಿ ಉಳಿದದ್ದನ್ನು ಫಿಸ್ಟುಲಾಕ್ಕೂ ಕಳಿಸುತ್ತದೆ. ರೋಗವೆನ್ನಬೇಕಾದರೆ ಬೆರಳಿಗೆ ತಲುಪುವುದು ಸಾಲದಾಗಬೇಕು. ಅದಕ್ಕೆ ಬೆರಳಿನ ಅಪಧಮನಿಯ ಅಲೆಯನ್ನೇ ನೋಡಬೇಕು. ಫಿಸ್ಟುಲಾವನ್ನು ಹೆಬ್ಬೆರಳಿನಿಂದ ಕೆಲವು ಕ್ಷಣ ಒತ್ತಿಹಿಡಿದಾಗ ಚಪ್ಪಟೆಯಾಗಿದ್ದ ಅಲೆ ಎದ್ದುನಿಂತು, ರೋಗಿ “ಈಗ ಕೈ ಬೆಚ್ಚಗಾಯಿತು” ಎಂದರೆ ಕಾರಣ ಸಿಕ್ಕಿತು. ಅಲೆಯೂ ಬದಲಾಗದೆ ನೋವೂ ಬದಲಾಗದಿದ್ದರೆ ಬೇರೆ ಕಡೆ ಹುಡುಕಬೇಕು. ಇಷ್ಟು ಸರಳವಾದ ಪರೀಕ್ಷೆ ವರದಿಯಲ್ಲಿ ಕಾಣೆಯಾಗಿರುವುದು ಬೇಸರದ ಸಂಗತಿ.

ಮುಂದಿನ ಪ್ರಶ್ನೆ ಹರಿವಿನ ಪ್ರಮಾಣ. ಅದನ್ನು ಫಿಸ್ಟುಲಾದ ಅಂಕುಡೊಂಕು ಅಭಿಧಮನಿಯಲ್ಲಿ ಅಳೆಯದೆ, ನೇರವಾಗಿ ಸಾಗುವ ಬ್ರೇಕಿಯಲ್ ಅಪಧಮನಿಯಲ್ಲಿ ಅಳೆಯುವುದು ಒಳ್ಳೆಯದು. ವ್ಯಾಸ 6 ಮಿಲಿಮೀಟರ್, ಸರಾಸರಿ ವೇಗ ಸೆಕೆಂಡಿಗೆ 60 ಸೆಂಟಿಮೀಟರ್ ಎಂದುಕೊಂಡರೆ ಹರಿವು ನಿಮಿಷಕ್ಕೆ ಸುಮಾರು 1018 ಮಿಲಿಲೀಟರ್. ವ್ಯಾಸವನ್ನು ಅರ್ಧ ಮಿಲಿಮೀಟರ್ ಕಡಿಮೆ ಅಳೆದರೆ ಅದೇ ಹರಿವು 855 ಆಗುತ್ತದೆ, ಅರ್ಧ ಮಿಲಿಮೀಟರ್ ಹೆಚ್ಚು ಅಳೆದರೆ 1195. ವ್ಯಾಸದ ವರ್ಗ ಲೆಕ್ಕಕ್ಕೆ ಬರುವುದರಿಂದ ಸಣ್ಣ ತಪ್ಪೂ ದೊಡ್ಡದಾಗಿ ಬೆಳೆಯುತ್ತದೆ. ಮೂರು ಸಲ ಅಳೆದು ಸರಾಸರಿ ಹಿಡಿಯಬೇಕೆಂದು ಹೇಳುವುದು ಇದಕ್ಕೇ.

ಈ ಸಂಖ್ಯೆಯ ಮೇಲೆ ಚಿಕಿತ್ಸೆಯೇ ನಿಂತಿದೆ. ಹರಿವು ನಿಮಿಷಕ್ಕೆ ಒಂದೂವರೆ, ಎರಡು ಲೀಟರ್ ಮೀರಿದ್ದರೆ ಫಿಸ್ಟುಲಾವನ್ನು ಕಿರಿದುಗೊಳಿಸಬಹುದು. ಹರಿವು ಸಾಧಾರಣವಾಗಿದ್ದೂ ಬೆರಳು ಕಪ್ಪಾಗುತ್ತಿದ್ದರೆ ಕಿರಿದುಗೊಳಿಸುವುದು ಫಿಸ್ಟುಲಾವನ್ನೇ ಕೊಲ್ಲಬಹುದು. ಆಗ ಶಾನ್ಸರ್ ಮತ್ತು ಸಂಗಡಿಗರು 1988ರಲ್ಲಿ ವರ್ಣಿಸಿದ ಡ್ರಿಲ್ ಶಸ್ತ್ರಚಿಕಿತ್ಸೆಯಂಥ ದಾರಿ ಬೇಕು. ಜೋಡಣೆಯ ಕೆಳಗೆ ಅಪಧಮನಿಯನ್ನು ಕಟ್ಟಿ, ಮೇಲಿನಿಂದ ಬೇರೊಂದು ನಾಳದ ಮೂಲಕ ಕೈಗೆ ರಕ್ತ ಒದಗಿಸುವ ಕ್ರಮ ಅದು. ಹರಿವು ಕಡಿಮೆಯಿದ್ದು ಮೇಲೆ ಎಲ್ಲಿಯೋ ಅಪಧಮನಿ ಕಿರಿದಾಗಿದ್ದರೆ ಬಲೂನಿನಿಂದ ಬಿಡಿಸಿದರೆ ಸಾಕಾಗಬಹುದು. ಕೈನೋವಿನ ರೋಗಿಯಲ್ಲಿ ಪ್ರೋಬ್ ಕಾಲರ್ ಮೂಳೆಯ ಕೆಳಗಿನಿಂದ ಹೊರಟು ಬೆರಳತುದಿಯವರೆಗೆ ಬರಬೇಕು ಎನ್ನುವುದು ಇದಕ್ಕಾಗಿ.

ಸುಣ್ಣಗಟ್ಟಿದ ಅಪಧಮನಿ ಮತ್ತೊಂದು ತೊಡಕು. ನಾಳದ ನಡುಪದರದಲ್ಲಿ ಸುಣ್ಣ ಕೂತು ರೈಲುಹಳಿಯಂತೆ ಎರಡು ಬಿಳಿಗೆರೆ ಕಾಣುತ್ತದೆ. ಅಂಥ ನಾಳ ಪಟ್ಟಿಯ ಒತ್ತಡಕ್ಕೆ ಬಗ್ಗುವುದಿಲ್ಲವಾದ್ದರಿಂದ ತೋಳಿನ ಬಿಪಿಯೂ ಬೆರಳಿನ ಬಿಪಿಯೂ ಸುಳ್ಳಾಗಿ ಹೆಚ್ಚು ತೋರಬಹುದು. ಸಂಖ್ಯೆ ಸರಿಯಿದೆ ಎಂದು ರೋಗಿಯನ್ನು ವಾಪಸು ಕಳಿಸುವ ಮೊದಲು ಅಲೆಯ ಆಕಾರವನ್ನೂ, ಬೆರಳ ತುದಿಯ ಚರ್ಮವನ್ನೂ ನೋಡಬೇಕು.

ಕೈ ತಣ್ಣಗಾಗದೆ ಇಡಿಯಾಗಿ ಊದಿಕೊಂಡರೆ ಅನುಮಾನ ಮೇಲಿನ ಅಭಿಧಮನಿಯ ಮೇಲೆ ಹೋಗಬೇಕು. ಹಿಂದೆಂದೋ ಕಾಲರ್ ಮೂಳೆಯ ಕೆಳಗೆ ಹಾಕಿದ ಕ್ಯಾತಿಟರ್ ಅಲ್ಲಿ ನಾಳವನ್ನು ಕಿರಿದು ಮಾಡಿರುತ್ತದೆ. ಎದೆಗೂಡಿನೊಳಗಿನ ಆ ಭಾಗ ಅಲ್ಟ್ರಾಸೌಂಡಿಗೆ ನೇರವಾಗಿ ಕಾಣುವುದಿಲ್ಲ, ಉಸಿರಿನೊಂದಿಗೆ ಏರಿಳಿಯಬೇಕಾದ ಅಭಿಧಮನಿಯ ಅಲೆ ಸಪಾಟಾಗಿರುವುದರಿಂದ ಊಹಿಸಬಹುದಷ್ಟೆ.

ಪರೀಕ್ಷೆಗಾಗಿ ಕಾಯಲೇಬಾರದ ಒಂದು ಸಂದರ್ಭವನ್ನು ಇಲ್ಲಿ ಒತ್ತಿ ಹೇಳಬೇಕು. ಮೊಣಕೈ ಫಿಸ್ಟುಲಾ ಮಾಡಿದ ಕೆಲವೇ ಗಂಟೆಗಳಲ್ಲಿ, ಹೆಚ್ಚಾಗಿ ಸಕ್ಕರೆ ಕಾಯಿಲೆಯವರಲ್ಲಿ, ಕೈಯ ಮೂರೂ ನರಗಳು ಒಮ್ಮೆಗೇ ಸೋತು ತೀವ್ರ ಉರಿ, ಸ್ಪರ್ಶನಾಶ, ಬೆರಳುಗಳ ಬಲಹೀನತೆ ಬರುತ್ತದೆ. ಕೈ ಬೆಚ್ಚಗಿರುತ್ತದೆ, ನಾಡಿಯೂ ಸಿಗಬಹುದು. ಅಲ್ಟ್ರಾಸೌಂಡಿನಲ್ಲಿ ಗಾಬರಿ ಹುಟ್ಟಿಸುವಂಥದ್ದೇನೂ ಇಲ್ಲದಿರಬಹುದು. ಇಸ್ಕೀಮಿಕ್ ಮಾನೊಮೆಲಿಕ್ ನ್ಯೂರೋಪತಿ ಎನ್ನುವ ಈ ತುರ್ತಿನಲ್ಲಿ ಸ್ಕ್ಯಾನಿಂಗ್ ಸರದಿಗೆ ಕಾಯುವ ಪ್ರತಿ ಗಂಟೆಗೂ ಕೈ ಬೆಲೆ ತೆರುತ್ತದೆ. ಫಿಸ್ಟುಲಾವನ್ನು ಮುಚ್ಚುವ ನಿರ್ಧಾರ ಹಾಸಿಗೆಯ ಪಕ್ಕದಲ್ಲೇ ಆಗಬೇಕು.

ನಮ್ಮ ಸಂದರ್ಭ

ಎಂಆರ್‌ಐ ಇರುವಾಗ ಅಲ್ಟ್ರಾಸೌಂಡ್ ಏಕೆ ಎಂದು ಕೇಳುವವರಿಗೆ ಉತ್ತರ ಖರ್ಚಿನದ್ದು ಮಾತ್ರವಲ್ಲ. ಗ್ಯಾಡೊಲಿನಿಯಂ ಚುಚ್ಚುಮದ್ದಿಗೂ ಮೂತ್ರಪಿಂಡ ಸೋತವರಲ್ಲಿ ಚರ್ಮ ಮತ್ತು ಕೀಲುಗಳನ್ನು ಬಿಗಿದುಬಿಡುವ ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್‌ಗೂ ಇರುವ ನಂಟು 2006ರಲ್ಲಿ ಬೆಳಕಿಗೆ ಬಂತು. ಈಗಿನ ಸುಧಾರಿತ ಔಷಧಗಳಲ್ಲಿ ಆ ಭಯ ಬಹಳ ಇಳಿದಿದೆ. ಆದರೂ ಕೈನೋವಿನ ಮೊದಲ ಪ್ರಶ್ನೆಗೆ ಆ ಚುಚ್ಚುಮದ್ದಿನ ಅಗತ್ಯವೇ ಬೀಳದಂಥ ದಾರಿ ಇರುವಾಗ ಅದನ್ನೇ ಮೊದಲು ಹಿಡಿಯುವುದು ಸರಿ.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳನ್ನು ಗುರಿಯಾಗಿಸಿಕೊಂಡು ಆರಂಭವಾಯಿತು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ. ಇದು ದೊಡ್ಡ ಸಾಧನೆ. ಬೆಂಗಳೂರಿಗೋ ಮಂಗಳೂರಿಗೋ ಬಸ್ಸು ಹತ್ತಬೇಕಿದ್ದವರು ಈಗ ಹತ್ತಿರದಲ್ಲೇ ಚಿಕಿತ್ಸೆ ಪಡೆದು ಹೆಚ್ಚು ಕಾಲ ಬದುಕುತ್ತಾರೆ. ಹೆಚ್ಚು ಕಾಲ ಬದುಕುವವರಿಗೇ ಅಮೈಲಾಯ್ಡ್ ಬರುವುದು. ಭಾರತದಲ್ಲಿ ವಾರಕ್ಕೆ ಎರಡೇ ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬಹಳ, ಡಯಲೈಸರನ್ನು ತೊಳೆದು ಮರುಬಳಸುವ ರೂಢಿಯೂ ಇದೆ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ತೆಗೆಯಬಲ್ಲ ಹೈ-ಫ್ಲಕ್ಸ್ ಡಯಲೈಸರ್, ಹೀಮೋಡಯಾಫಿಲ್ಟ್ರೇಷನ್ ಎಲ್ಲರ ಕೈಗೆಟುಕುವಂಥವಲ್ಲ. ಮುಂದಿನ ವರ್ಷಗಳಲ್ಲಿ ನಮ್ಮ ಘಟಕಗಳಲ್ಲಿ ಜೋಮು ಹಿಡಿದ ಕೈಗಳು ಹೆಚ್ಚುತ್ತವೆಂದು ನಿರೀಕ್ಷಿಸಲು ಇಷ್ಟು ಕಾರಣ ಸಾಕು.

ರೋಗಿಯ ಕೆಲಸವನ್ನು ಕೇಳುವುದೂ ಪರೀಕ್ಷೆಯ ಭಾಗ. ಕರಾವಳಿಯಲ್ಲಿ ಬೀಡಿ ಕಟ್ಟುವವರು, ಮಲೆನಾಡಿನಲ್ಲಿ ಅಡಿಕೆ ಸುಲಿಯುವವರು, ಊರೂರಿನಲ್ಲಿ ಹೂ ಕಟ್ಟುವವರು ಮಣಿಕಟ್ಟನ್ನು ಬಾಗಿಸಿ ಒಂದೇ ಚಲನೆಯನ್ನು ದಿನವಿಡೀ ಮಾಡುತ್ತಾರೆ. ಅವರ ನರ ಡಯಾಲಿಸಿಸ್‌ಗೆ ಬರುವ ಮೊದಲೇ ಒತ್ತಿಕೊಂಡಿರಬಹುದು. ಯಾವ ಕೈಯಲ್ಲಿ ಕೆಲಸ, ಯಾವ ಕೈಯಲ್ಲಿ ಫಿಸ್ಟುಲಾ ಎಂಬುದನ್ನು ಬರೆದುಕೊಳ್ಳದ ವರದಿ ಅರ್ಧ ವರದಿ. ಎರಡೂ ಮಣಿಕಟ್ಟುಗಳಲ್ಲಿ ಸಮನಾದ ಪೊರೆ ದಪ್ಪ, ಜೊತೆಗೆ ಭುಜದ ಸುಪ್ರಾಸ್ಪೈನೇಟಸ್ ರಜ್ಜುವೂ 8 ಮಿಲಿಮೀಟರ್ ಮೀರಿದ್ದರೆ ಕೆಲಸವನ್ನು ದೂರದೆ ಅಮೈಲಾಯ್ಡನ್ನು ಹುಡುಕಬೇಕು.

ಕಾನೂನಿನ ಮಾತೂ ಇದೆ. ಲಿಂಗ ಆಯ್ಕೆ ತಡೆಗೆಂದು ಬಂದ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಭ್ರೂಣದ ಲಿಂಗ ತಿಳಿಯಬಲ್ಲ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು. ಒಯ್ಯಬಹುದಾದ ಯಂತ್ರಗಳ ಓಡಾಟಕ್ಕೆ 2012ರ ತಿದ್ದುಪಡಿ ಬಿಗಿಯಾದ ಮಿತಿ ಹಾಕಿತು. ಹೆಣ್ಣುಮಕ್ಕಳ ಜೀವ ಕಾಯುವ ಈ ಕಾಯ್ದೆಯಲ್ಲಿ ಸಡಿಲಿಕೆ ಕೇಳುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಡಯಾಲಿಸಿಸ್ ಘಟಕದೊಳಗೇ, ಅದರ ಹೆಸರಿನಲ್ಲೇ ನೋಂದಣಿಯಾದ ಒಂದು ಯಂತ್ರವನ್ನು ಇಟ್ಟುಕೊಳ್ಳಲು ಕಾಯ್ದೆಯ ಚೌಕಟ್ಟಿನಲ್ಲೇ ದಾರಿಯಿದೆ. ಫಿಸ್ಟುಲಾಕ್ಕೆ ಸೂಜಿ ಹಾಕಲು ಹೇಗೂ ಅದು ಬೇಕಾಗುತ್ತದೆ. ಡಯಾಲಿಸಿಸ್ ದಿನವೇ ರೋಗಿಯ ಕೈ ನೋಡಬಹುದು, ಅದಕ್ಕೆಂದು ಆತ ಇನ್ನೊಂದು ದಿನದ ಕೂಲಿ ಕಳೆದುಕೊಳ್ಳಬೇಕಿಲ್ಲ.

ಪರೀಕ್ಷೆ ಯಾವಾಗ ಎಂಬುದೂ ಮುಖ್ಯ. ನಾಲ್ಕು ಗಂಟೆಯಲ್ಲಿ ಎರಡು ಮೂರು ಲೀಟರ್ ನೀರು ತೆಗೆದ ಮೇಲೆ ಅಂಗಾಂಶದ ಊತ, ಬಿಪಿ, ಹರಿವು ಎಲ್ಲ ಬದಲಾಗಿರುತ್ತವೆ. ನರ ಮತ್ತು ಪೊರೆಯ ಅಳತೆಯನ್ನು ಸೂಜಿ ಹಾಕುವ ಮುಂಚೆ ಮಾಡಬೇಕು, ಮುಂದಿನ ಸಲವೂ ಅದೇ ಹೊತ್ತಿಗೆ. ರಕ್ತದ ಕೊರತೆಯ ಅನುಮಾನವಿದ್ದರೆ ಮಾತ್ರ ನೋವು ಏರಿದ ಹೊತ್ತಿನಲ್ಲಿ, ಯಂತ್ರ ನಡೆಯುತ್ತಿರುವಾಗಲೇ ಬೆರಳಿನ ಅಲೆಯನ್ನು ಇನ್ನೊಮ್ಮೆ ನೋಡಬೇಕು. ವರದಿಯಲ್ಲಿ ಡಯಾಲಿಸಿಸ್ ಶುರುವಾದ ವರ್ಷ, ಡಯಲೈಸರಿನ ಬಗೆ, ಫಿಸ್ಟುಲಾದ ಜಾಗ, ಅಳೆದ ಹೊತ್ತು ಇರಬೇಕು.

ಇನ್ನೊಂದು ಕೋರಿಕೆ ಶಸ್ತ್ರವೈದ್ಯರಲ್ಲಿ. ಅಲ್ಟ್ರಾಸೌಂಡ್ ಅಮೈಲಾಯ್ಡನ್ನು ಅನುಮಾನಿಸಬಲ್ಲದು, ಖಚಿತಪಡಿಸಲಾರದು. ಖಚಿತವಾಗುವುದು ಕಾಂಗೊ ರೆಡ್ ಬಣ್ಣ ಹಾಕಿದ ಅಂಗಾಂಶ ಪೋಲರೈಸ್ಡ್ ಬೆಳಕಿನಲ್ಲಿ ಸೇಬು ಹಸಿರಾಗಿ ಹೊಳೆದಾಗ, ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಪ್ರತಿಕಾಯಕ್ಕೆ ಅದು ಬಣ್ಣ ಹಿಡಿದಾಗ. ಡಯಾಲಿಸಿಸ್ ರೋಗಿಯ ಕಾರ್ಪಲ್ ಟನಲ್ ಬಿಡಿಸುವಾಗ ಸಿಗುವ ಪೊರೆಯ ಚೂರನ್ನು ಬಕೆಟ್ಟಿಗೆ ಹಾಕದೆ ಪೆಥಾಲಜಿಗೆ ಕಳಿಸಬೇಕು. ಅದೇ ಮಣಿಕಟ್ಟಿನ ಶಸ್ತ್ರಚಿಕಿತ್ಸೆಗೆ ಮುಂಚಿನ ಅಲ್ಟ್ರಾಸೌಂಡ್ ಚಿತ್ರವನ್ನು ಆ ಸ್ಲೈಡಿನೊಂದಿಗೆ ಪಕ್ಕಪಕ್ಕ ಇಟ್ಟು ಓದುವ ಕೆಲಸ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಶುರುವಾಗಬೇಕು. ಎಷ್ಟು ದಪ್ಪದ ಪೊರೆಯಲ್ಲಿ ನಿಜವಾಗಿ ಅಮೈಲಾಯ್ಡ್ ಇತ್ತು, ಎಷ್ಟರಲ್ಲಿ ಇರಲಿಲ್ಲ ಎಂಬ ಲೆಕ್ಕ ನಮ್ಮದೇ ರೋಗಿಗಳಿಂದ ಬಂದರೆ, ಬೇರೆಯವರಿಗೆಂದು ಮಾಡಿದ ಗಡಿಗಳನ್ನು ಇವರ ಕೈಗೆ ಹೇರುವುದು ತಪ್ಪುತ್ತದೆ.